ಎಡಗಡೆ ನಳಿಗೆ ದೂರ ಹೋಗುತ್ತದೆಯೆ?
ಕೋವಿಯ ಚೋಕ್ ಕೋಷ್ಟಕ: ಒಂದು ವಿಮರ್ಶೆ

ಶಿವಮೊಗ್ಗದ ದುರ್ಗಿಗುಡಿಯಲ್ಲೋ ಭದ್ರಾವತಿಯ ಬಿ.ಎಚ್. ರಸ್ತೆಯಲ್ಲೋ ಹಳೆಯ ಎಲೆಕ್ಟ್ರಿಕಲ್ ಅಂಗಡಿಯೊಂದಕ್ಕೆ ಹೋಗಿ 'ಚೋಕ್ ಕೊಡಿ' ಎಂದು ಕೇಳಿ. ಅಂಗಡಿಯವರು ಟ್ಯೂಬ್‌ಲೈಟಿನ ಚೋಕ್ ತೋರಿಸುತ್ತಾರೆ. ಅದೇ ಮಾತನ್ನು ಪಕ್ಕದ ಗ್ಯಾರೇಜಿನಲ್ಲಿ ಆಡಿದರೆ, ಚಳಿಗಾಲದ ಬೆಳಿಗ್ಗೆ ಸ್ಕೂಟರ್ ಶುರುವಾಗಲೆಂದು ಎಳೆಯುವ ಗುಂಡಿಯ ನೆನಪಾಗುತ್ತದೆ. ಮೊದಲನೆಯದು ವಿದ್ಯುತ್ ಪ್ರವಾಹಕ್ಕೆ ತಡೆ, ಎರಡನೆಯದು ಗಾಳಿಗೆ ತಡೆ. ಮಲೆನಾಡಿನ ಹಳ್ಳಿಗಳಲ್ಲಿ ಈ ಪದಕ್ಕೆ ಮೂರನೆಯ ಅರ್ಥವೂ ಇದೆ. ತೋಟಾ ಕೋವಿಯ ನಳಿಗೆ ಬಾಯಿಯ ಹತ್ತಿರ ಕೂದಲೆಳೆಯಷ್ಟು ಕಿರಿದಾಗುತ್ತದಲ್ಲ, ಅದೂ ಚೋಕ್.

ಈ ಮೂರನೆಯ ಚೋಕ್ ನಮ್ಮ ತರಗತಿಗೆ ಬಂದದ್ದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯ ಮೂಲಕ. ಅವನ ಅಜ್ಜನ ಬಳಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಜೋಡುನಳಿಗೆ ಕೋವಿ ಇತ್ತಂತೆ. 'ಬಲಗಡೆ ನಳಿಗೆ ಹತ್ತಿರಕ್ಕೆ, ಎಡಗಡೆ ನಳಿಗೆ ದೂರ ಹೋಗತ್ತೆ ಅಂತ ಅಜ್ಜ ಹೇಳ್ತಿದ್ರು. ನಿಜವಾ ಸಾರ್? ಎರಡಕ್ಕೂ ಹಾಕೋದು ಒಂದೇ ತೋಟಾ ಅಲ್ವಾ?'

ಪ್ರಶ್ನೆ ಚೆನ್ನಾಗಿತ್ತು. ಉತ್ತರ ಹುಡುಕುತ್ತ ಹೋದಾಗ ಎದುರಾದದ್ದು ಶಿಕಾರಿ ಕೈಪಿಡಿಗಳಲ್ಲಿ ನೂರು ವರ್ಷಗಳಿಗೂ ಮೀರಿ ಮರುಮುದ್ರಣವಾಗುತ್ತ ಬಂದಿರುವ ಒಂದು ಪುಟ್ಟ ಕೋಷ್ಟಕ. ಯಾವ ಹಕ್ಕಿಗೆ ಯಾವ ಚೋಕ್ ಎಂಬ ಸಲಹೆಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಈ ಲೇಖನ ಆ ಕೋಷ್ಟಕದ ವಿಮರ್ಶೆ. ಕೋವಿ ಹಿಡಿಯುವುದನ್ನು ಕಲಿಸುವುದು ಇದರ ಉದ್ದೇಶವಲ್ಲ. ಅಂಕಿಯೊಂದು ಏನು ಹೇಳುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕೋಷ್ಟಕದಲ್ಲಿ ಏನಿದೆ?

ಮೊದಲು ಕೆಲವು ಅಳತೆಗಳು. '12 ಬೋರ್' ಎಂದರೆ 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದರ ವ್ಯಾಸ ಎಷ್ಟಾಗುತ್ತದೋ ಅಷ್ಟು ಅಗಲದ ನಳಿಗೆ ಎಂದು ಅರ್ಥ. ಅದು ಸುಮಾರು 18.5 ಮಿಮೀ. ಇಂತಹ ನಳಿಗೆಯ ಬಾಯಿಯನ್ನು ಸುಮಾರು 1 ಮಿಮೀ ಕಿರಿದಾಗಿಸಿದರೆ ಅದು 'ಪೂರ್ಣ ಚೋಕ್'. ಸುಮಾರು ಅರ್ಧ ಮಿಮೀ ಆದರೆ 'ಅರ್ಧ ಚೋಕ್'. ಏನೂ ಕಿರಿದಾಗಿಸದೆ ಹಾಗೆಯೇ ಬಿಟ್ಟರೆ 'ಸಿಲಿಂಡರ್'. ನಮ್ಮ ಕಡೆಯ ಹಳೆಯ ಕೇಪಿನ ಕೋವಿಗಳು ಸಾಮಾನ್ಯವಾಗಿ ಈ ಕೊನೆಯ ಜಾತಿಗೆ ಸೇರಿದವು.

ಗಮನಿಸಿ, ಎಲ್ಲ ವ್ಯತ್ಯಾಸವೂ ಒಂದೇ ಒಂದು ಮಿಲಿಮೀಟರಿನೊಳಗೆ ನಡೆಯುತ್ತದೆ. ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯ ಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲೇತ್ ಮುಂದೆ ನಿಂತವರಿಗೆ ಕಾಲು ಮಿಲಿಮೀಟರ್ ಎಂದರೆ ಎಷ್ಟು ದೊಡ್ಡದು ಎಂಬುದು ಗೊತ್ತು.

ಇಂಗ್ಲೆಂಡಿನ ಪೇಪ್ ಎಂಬ ಕೋವಿ ತಯಾರಕ 1866ರಲ್ಲಿ ಇಂತಹ ನಳಿಗೆಗೆ ಪೇಟೆಂಟ್ ಪಡೆದ. 1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಅದನ್ನು ಜನಪ್ರಿಯಗೊಳಿಸಿದ. 1875ರಲ್ಲಿ ಲಂಡನ್ನಿನಲ್ಲಿ ಚೋಕ್ ಇರುವ ಮತ್ತು ಇಲ್ಲದ ಕೋವಿಗಳ ನಡುವೆ ಸಾರ್ವಜನಿಕ ಪರೀಕ್ಷೆಯೇ ನಡೆಯಿತು. ಮುಂದೆ ಮೇಜರ್ ಬರ್ರಾರ್ಡ್ ಮುಂತಾದವರು ಈ ವಿಷಯವನ್ನು ಸಂಪುಟಗಟ್ಟಲೆ ಬರೆದರು. ಈ ಪರಂಪರೆಯಿಂದ ಬಂದ ಕೋಷ್ಟಕ ಹೀಗಿದೆ. 40 ಗಜ, ಅಂದರೆ 36.6 ಮೀಟರ್ ದೂರದಲ್ಲಿ ಒಂದು ದೊಡ್ಡ ಕಾಗದ ನಿಲ್ಲಿಸಿ ಈಡು ಹೊಡೆಯಬೇಕು. ಚರೆಗಳು ಅತಿ ದಟ್ಟವಾಗಿ ಬಿದ್ದ ಕಡೆ 30 ಅಂಗುಲ, ಅಂದರೆ 76 ಸೆಂಮೀ ವ್ಯಾಸದ ವೃತ್ತ ಎಳೆಯಬೇಕು. ತೋಟಾದಲ್ಲಿದ್ದ ಚರೆಗಳಲ್ಲಿ ಶೇಕಡ ಎಷ್ಟು ಆ ವೃತ್ತದೊಳಗೆ ಬಿದ್ದವು ಎಂದು ಎಣಿಸಬೇಕು.

ಸಿಲಿಂಡರ್: ಶೇ. 40
ಕಾಲು ಚೋಕ್: ಶೇ. 55
ಅರ್ಧ ಚೋಕ್: ಶೇ. 60
ಮುಕ್ಕಾಲು ಚೋಕ್: ಶೇ. 65
ಪೂರ್ಣ ಚೋಕ್: ಶೇ. 70

ಕೋಷ್ಟಕ ಇಷ್ಟೇ. ಹಳೆಯ ಜೋಡುನಳಿಗೆ ಕೋವಿಗಳಲ್ಲಿ ಸಾಮಾನ್ಯವಾಗಿ ಬಲ ನಳಿಗೆಗೆ ಕಡಿಮೆ ಚೋಕ್, ಎಡ ನಳಿಗೆಗೆ ಹೆಚ್ಚು ಚೋಕ್ ಇರುತ್ತಿತ್ತು. ಹತ್ತಿರದಲ್ಲಿ ಎದ್ದ ಹಕ್ಕಿಗೆ ಮೊದಲ ಈಡು ಬಲದಿಂದ. ತಪ್ಪಿದರೆ, ಅಷ್ಟರಲ್ಲಿ ದೂರ ಹೋಗಿರುವ ಹಕ್ಕಿಗೆ ಎರಡನೆಯದು ಎಡದಿಂದ. ಅಜ್ಜನ ಮಾತಿನ ಮೂಲ ಇಲ್ಲಿದೆ. ಅದು ಅನುಭವದ ಮಾತು, ಸುಳ್ಳಲ್ಲ. ಆದರೆ ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು.

ನೀರಿನ ಪೈಪಿನ ಹೋಲಿಕೆ

ಚೋಕ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಒಂದೇ ಹೋಲಿಕೆ ಕೊಡುತ್ತಾರೆ: ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದಲ್ಲ, ಹಾಗೆ. ಕೈಪಿಡಿಗಳಲ್ಲೂ ಈ ಹೋಲಿಕೆ ಕಾಣಿಸಿಕೊಳ್ಳುತ್ತದೆ. ಮಕ್ಕಳಿಗೆ ತಟ್ಟನೆ ಹಿಡಿಸುತ್ತದೆ ಕೂಡ. ಅದಕ್ಕೇ ಅದು ಅಪಾಯಕಾರಿ.

ಪೈಪಿನಲ್ಲಿ ನೀರು ಸತತವಾಗಿ ಹರಿಯುತ್ತಿರುತ್ತದೆ, ಹಿಂದಿನಿಂದ ಒತ್ತಡ ಇದ್ದೇ ಇರುತ್ತದೆ. ನೀರನ್ನು ಹಿಸುಕಿ ಚಿಕ್ಕದು ಮಾಡಲಾಗದು. ಆದ್ದರಿಂದ ದಾರಿ ಕಿರಿದಾದ ಕಡೆ ವೇಗ ಹೆಚ್ಚಲೇಬೇಕು. ಕೋವಿಯಲ್ಲಿ ಹಾಗಲ್ಲ. ಮದ್ದು ಉರಿದು ಹುಟ್ಟಿದ ಅನಿಲ ಚರೆಗಳನ್ನು ನಳಿಗೆಯುದ್ದಕ್ಕೂ ತಳ್ಳಿಕೊಂಡು ಬರುತ್ತದೆ. ಬಾಯಿಯ ಹತ್ತಿರ ಬರುವಷ್ಟರಲ್ಲಿ ಅವು ಸೆಕೆಂಡಿಗೆ ಸುಮಾರು 400 ಮೀಟರ್ ವೇಗವನ್ನು ಆಗಲೇ ಪಡೆದಿರುತ್ತವೆ. ಚೋಕ್ ಇರುವುದು ಕೊನೆಯ ಕೆಲವು ಸೆಂಟಿಮೀಟರ್ ಮಾತ್ರ. ಅಲ್ಲಿ ವೇಗ ಹೆಚ್ಚಿದರೂ ಅದು ಸೆಕೆಂಡಿಗೆ ಕೆಲವೇ ಮೀಟರಿನಷ್ಟು, ಲೆಕ್ಕಕ್ಕಿಲ್ಲದಷ್ಟು.

ಹಾಗಾದರೆ ಚೋಕ್ ಮಾಡುವುದೇನು? ಒತ್ತಾಗಿ ಬರುತ್ತಿರುವ ಚರೆಗಳ ಕಂತೆ ಕಿರಿದಾದ ಬಾಯಿಯಲ್ಲಿ ನುಸುಳುವಾಗ ಸ್ವಲ್ಪ ಉದ್ದವಾಗುತ್ತದೆ. ಅಂಚಿನಲ್ಲಿರುವ ಚರೆಗಳಿಗೆ ಒಳಮುಖವಾಗಿ ಅಲ್ಪ ಸಂವೇಗ ದೊರೆಯುತ್ತದೆ. ಹೊರಬಂದ ಮೇಲೆ ಅವು ಅಕ್ಕಪಕ್ಕಕ್ಕೆ ಚದುರುವುದು ನಿಧಾನವಾಗುತ್ತದೆ. ಅಂದರೆ ಚೋಕ್ ಚರೆಗಳನ್ನು ವೇಗಗೊಳಿಸುವುದಿಲ್ಲ, ಹೆಚ್ಚು ಹೊತ್ತು ಒಟ್ಟಿಗೆ ಇರಿಸುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಗಾಳಿಯ ಎಳೆತ ಪ್ರತಿಯೊಂದು ಚರೆಯ ಮೇಲೂ ಬೇರೆಬೇರೆಯಾಗಿ ಕೆಲಸ ಮಾಡುತ್ತದೆ. ಎರಡೂವರೆ ಮಿಲಿಮೀಟರ್ ಗಾತ್ರದ ಸೀಸದ ಚರೆ 36 ಮೀಟರ್ ಸಾಗುವಷ್ಟರಲ್ಲಿ ಅದರ ವೇಗ ಅರ್ಧದ ಆಸುಪಾಸಿಗೆ ಇಳಿದಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಹೆಚ್ಚುಕಡಿಮೆ ಕಾಲು ಭಾಗವಾಗಿರುತ್ತದೆ. ಈ ಇಳಿಕೆ ಬಲ ನಳಿಗೆಯ ಚರೆಗೂ ಒಂದೇ, ಎಡ ನಳಿಗೆಯ ಚರೆಗೂ ಒಂದೇ. 'ಪೂರ್ಣ ಚೋಕ್ ಜೋರಾಗಿ ಹೊಡೆಯುತ್ತದೆ' ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಎಷ್ಟು ಚರೆ ತಗಲುತ್ತವೆ ಎಂಬುದು ಬದಲಾಗುತ್ತದೆ, ತಗಲುವ ಒಂದೊಂದು ಚರೆಯ ಬಲ ಬದಲಾಗುವುದಿಲ್ಲ. ಪೈಪಿನ ಹೋಲಿಕೆಯನ್ನು ನಂಬಿದವರು ದೂರದ ಹಕ್ಕಿಗೆ ಧೈರ್ಯವಾಗಿ ಈಡು ಹೊಡೆಯುತ್ತಾರೆ. ಚರೆ ತಗಲುತ್ತದೆ, ಆದರೆ ಒಳಹೊಗುವಷ್ಟು ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಹಕ್ಕಿ ಹಾರಿ ಹೋಗಿ ಇನ್ನೆಲ್ಲೋ ಬೀಳುತ್ತದೆ. ತಪ್ಪು ಹೋಲಿಕೆಯೊಂದರ ಬೆಲೆ ಇದು.

ಒಂದೇ ದೂರದ ಅಂಕಿ

ಕೋಷ್ಟಕದ ಎರಡನೆಯ ದೋಷ, ಅದು ಒಂದೇ ಒಂದು ದೂರವನ್ನು ಹೇಳುತ್ತದೆ. ಈ 40 ಗಜ ಎಲ್ಲಿಂದ ಬಂತು? ಫೆಸೆಂಟ್ ಹಕ್ಕಿಗಳನ್ನು ಸಾಕಿ, ಬಯಲಿಗೆ ಬಿಟ್ಟು, ಆಳುಗಳಿಂದ ಸೋವಿ ಎಬ್ಬಿಸಿ ಹೊಡೆಯುವ ಇಂಗ್ಲೆಂಡಿನ ಶಿಕಾರಿಯನ್ನು ನೆನೆಸಿಕೊಳ್ಳಿ. ಅಲ್ಲಿ ಹಕ್ಕಿ ತೆರೆದ ಆಕಾಶದಲ್ಲಿ ಎತ್ತರವಾಗಿ ಹಾರಿ ಬರುತ್ತದೆ. ಈಗ ಶಿವಮೊಗ್ಗಕ್ಕೆ ಹೊಂದಿಕೊಂಡಿರುವ ಶೆಟ್ಟಿಹಳ್ಳಿ ಕಾಡನ್ನೋ ಭದ್ರಾವತಿಯಿಂದ ಲಕ್ಕವಳ್ಳಿ ಕಡೆಗೆ ಸಿಗುವ ಭದ್ರಾ ಕಾಡನ್ನೋ ನೆನೆಸಿಕೊಳ್ಳಿ. ಬಿದಿರು ಮೆಳೆ, ಲಂಟಾನ ಪೊದೆ, ತಿರುವುಗಳು. ಕಾಡುಕೋಳಿ ಕಾಣಿಸುವುದೇ ಹದಿನೈದಿಪ್ಪತ್ತು ಮೀಟರಿನಲ್ಲಿ. ಅದೂ ಹಾರುವುದಕ್ಕಿಂತ ಓಡುವುದೇ ಹೆಚ್ಚು.

ಕೈಪಿಡಿಗಳಲ್ಲಿ ಇನ್ನೊಂದು ಕೋಷ್ಟಕ ಇದೆ, ಅದನ್ನು ನೋಡುವವರು ಕಡಿಮೆ. ಬಹುಪಾಲು ಚರೆಗಳು ಹರಡಿಕೊಳ್ಳುವ ವೃತ್ತದ ವ್ಯಾಸವನ್ನು ಅದು ಬೇರೆ ಬೇರೆ ದೂರಗಳಿಗೆ ಕೊಡುತ್ತದೆ. ಗಜ, ಅಂಗುಲಗಳನ್ನು ನಮ್ಮ ಅಳತೆಗೆ ತಂದರೆ ಹೀಗಾಗುತ್ತದೆ.

9 ಮೀ. ದೂರದಲ್ಲಿ: ಸಿಲಿಂಡರ್ 48 ಸೆಂಮೀ, ಅರ್ಧ 30 ಸೆಂಮೀ, ಪೂರ್ಣ 23 ಸೆಂಮೀ
18 ಮೀ. ದೂರದಲ್ಲಿ: ಸಿಲಿಂಡರ್ 81 ಸೆಂಮೀ, ಅರ್ಧ 53 ಸೆಂಮೀ, ಪೂರ್ಣ 41 ಸೆಂಮೀ
36.6 ಮೀ. ದೂರದಲ್ಲಿ: ಸಿಲಿಂಡರ್ 145 ಸೆಂಮೀ, ಅರ್ಧ 114 ಸೆಂಮೀ, ಪೂರ್ಣ 102 ಸೆಂಮೀ

ಇದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ವಿಸ್ತೀರ್ಣ ಲೆಕ್ಕ ಹಾಕಿಸಿ. 36.6 ಮೀಟರಿನಲ್ಲಿ ಸಿಲಿಂಡರ್ ನಳಿಗೆಯ ಹರವು ಪೂರ್ಣ ಚೋಕ್‌ನ ಹರವಿಗಿಂತ ಸುಮಾರು ಎರಡು ಪಟ್ಟು. 18 ಮೀಟರಿನಲ್ಲಿ ಸುಮಾರು ನಾಲ್ಕು ಪಟ್ಟು! ಚೋಕ್‌ನ ನಡುವಿನ ವ್ಯತ್ಯಾಸ ಎದ್ದು ಕಾಣುವುದು ದೂರದಲ್ಲಲ್ಲ, ಹತ್ತಿರದಲ್ಲಿ. 'ಚೋಕ್ ಎಂದರೆ ದೂರದ ವಿಷಯ' ಎಂಬ ನಂಬಿಕೆಗೆ ಇದು ನೇರ ಉತ್ತರ.

ಇದರ ಪರಿಣಾಮವನ್ನೂ ನೋಡಿ. 18 ಮೀಟರಿನಲ್ಲಿ ಗುರಿ 30 ಸೆಂಮೀ ತಪ್ಪಿತು ಎನ್ನಿ. ಸಿಲಿಂಡರ್ ನಳಿಗೆಯ ಹರವಿನ ತ್ರಿಜ್ಯ 40 ಸೆಂಮೀ, ಹಕ್ಕಿ ಇನ್ನೂ ಅದರ ಒಳಗೇ ಇರುತ್ತದೆ. ಪೂರ್ಣ ಚೋಕ್‌ನ ತ್ರಿಜ್ಯ 20 ಸೆಂಮೀ, ಹಕ್ಕಿ ಹೊರಗುಳಿಯುತ್ತದೆ, ಇಲ್ಲವೇ ಅಂಚಿನ ಒಂದೆರಡು ಚರೆ ತಿಂದು ಓಡುತ್ತದೆ. 9 ಮೀಟರಿನಲ್ಲಿ ಪೂರ್ಣ ಚೋಕ್‌ನ ಗುರಿ ಸರಿಯಾಗಿಯೇ ಕೂತರೆ ಆಗುವ ಅನಾಹುತ ಬೇರೆ. ಬಹುಪಾಲು ಚರೆ ಒಂದು ಊಟದ ತಟ್ಟೆಗಿಂತ ಚಿಕ್ಕ ಜಾಗದಲ್ಲಿ ಬಿದ್ದು ಹಕ್ಕಿ ಛಿದ್ರವಾಗುತ್ತದೆ. 'ಬಿಗಿ ಚೋಕ್ ಒಳ್ಳೆಯ ಚೋಕ್' ಎಂಬ ಮಾತನ್ನು ಕೋಷ್ಟಕ ನೇರವಾಗಿ ಹೇಳಿಲ್ಲ, ನಿಜ. ಆದರೆ ಅಂಕಿಗಳನ್ನು 40ರಿಂದ 70ಕ್ಕೆ ಏರುವ ಮೆಟ್ಟಿಲಿನಂತೆ ಜೋಡಿಸಿಟ್ಟರೆ, ಪರೀಕ್ಷೆಯ ಅಂಕಪಟ್ಟಿ ನೋಡಿ ಬೆಳೆದವರು ಬೇರೆ ಹೇಗೆ ಓದಿಯಾರು?

ಹೆಸರು ಒಂದೇ, ವಸ್ತು ಬೇರೆ

ಮೂರನೆಯ ದೋಷ ಹೆಸರುಗಳದು. ತೋಟಾದ ಮೇಲೆ '6' ಎಂದಿದ್ದರೆ ಚರೆಯ ಗಾತ್ರ ಎಷ್ಟು? ಬ್ರಿಟಿಷ್ ಪದ್ಧತಿಯಲ್ಲಿ 6ನೇ ನಂಬರಿನ ಚರೆಯ ವ್ಯಾಸ ಸುಮಾರು 2.6 ಮಿಮೀ, ಒಂದು ಔನ್ಸಿಗೆ ಸುಮಾರು 270 ಚರೆ. ಅಮೆರಿಕದ ಪದ್ಧತಿಯಲ್ಲಿ ಅದೇ 6ನೇ ನಂಬರ್ ಎಂದರೆ 2.8 ಮಿಮೀ, ಔನ್ಸಿಗೆ ಸುಮಾರು 225. ವ್ಯಾಸದಲ್ಲಿ ವ್ಯತ್ಯಾಸ ಚಿಕ್ಕದು, ಆದರೆ ದ್ರವ್ಯರಾಶಿ ವ್ಯಾಸದ ಘನಕ್ಕೆ ಅನುಗುಣ. ಹಾಗಾಗಿ ಎಣಿಕೆಯಲ್ಲಿ 45 ಚರೆಗಳ ಅಂತರ. ಒಂದು ದೇಶದ ಸಲಹೆಯನ್ನು ಇನ್ನೊಂದು ದೇಶದ ತೋಟಾಕ್ಕೆ ಅಂಟಿಸುವವರು ಇದನ್ನು ಗಮನಿಸುವುದೇ ಇಲ್ಲ.

ಚೋಕ್‌ನ ಹೆಸರಿನದೂ ಇದೇ ಕಥೆ. ನಳಿಗೆಯ ಮೇಲೆ 'ಅರ್ಧ' ಎಂದು ಗುರುತು ಇರುವುದು ಸಾಮಾನ್ಯವಾಗಿ ಲೋಹ ಎಷ್ಟು ಕಿರಿದಾಗಿದೆ ಎಂಬುದಕ್ಕೆ. ಕೋಷ್ಟಕದ ಶೇ. 60 ಎಂಬುದು ಕಾಗದದ ಮೇಲೆ ಕಂಡ ಫಲಿತಾಂಶ. ಒಂದು ಕಾರಣ, ಇನ್ನೊಂದು ಪರಿಣಾಮ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಅವು ಯಾವಾಗಲೂ ಜೊತೆಗೇ ಬರುತ್ತವೆ ಎಂದು ನಂಬಿಸಲಾಗಿದೆ. ಚರೆಗಳನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿಟ್ಟ ಈಚಿನ ತೋಟಾ ಹಾಕಿದರೆ ಅದೇ ನಳಿಗೆ ಹೆಚ್ಚು ಬಿಗಿಯಾಗಿ ಹೊಡೆಯುತ್ತದೆ. ಚರೆ ಮೆದುವಾಗಿದ್ದು ನಳಿಗೆಯಲ್ಲಿ ಜಜ್ಜಿಹೋದರೆ ಹೆಚ್ಚು ಚದುರುತ್ತದೆ. ನಳಿಗೆ ಬದಲಾಗಿಲ್ಲ, ಫಲಿತಾಂಶ ಬದಲಾಯಿತು.

ಸರಾಸರಿಯ ಹಿಂದೆ ಅಡಗಿದ ಹಕ್ಕಿ

ಈಗ ಮುಖ್ಯ ಮಾತಿಗೆ ಬರೋಣ. ಶೇ. 60 ಎಂಬುದು ಒಂದು ಸರಾಸರಿ. ಹಕ್ಕಿಗೆ ಸರಾಸರಿ ತಗಲುವುದಿಲ್ಲ, ಚರೆ ತಗಲುತ್ತದೆ.

ಒಂದು ಲೆಕ್ಕ ಮಾಡೋಣ. ತೋಟಾದಲ್ಲಿ 30 ಗ್ರಾಂ ಸೀಸ, ಬ್ರಿಟಿಷ್ 6ನೇ ನಂಬರಿನ ಸುಮಾರು 286 ಚರೆ. ಅರ್ಧ ಚೋಕ್ ಆದ್ದರಿಂದ 36.6 ಮೀಟರಿನಲ್ಲಿ 76 ಸೆಂಮೀ ವೃತ್ತದೊಳಗೆ ಸುಮಾರು 172 ಚರೆ. ವೃತ್ತದ ವಿಸ್ತೀರ್ಣ ಸುಮಾರು 4560 ಚದರ ಸೆಂಮೀ. ಹಕ್ಕಿಯ ಮರ್ಮಭಾಗ 100 ಚದರ ಸೆಂಮೀ ಎಂದೂ, ತಕ್ಷಣ ಸಾಯಲು ಅಲ್ಲಿ ಕನಿಷ್ಠ ಮೂರು ಚರೆ ತಗಲಬೇಕು ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಇವೆರಡೂ ನಮ್ಮ ಊಹೆ. ಬೇರೆ ಅಂಕಿ ಹಾಕಿಯೂ ಮಾಡಬಹುದು. ಆಗ ಮರ್ಮಭಾಗಕ್ಕೆ ಬೀಳುವ ಚರೆಗಳ ಸರಾಸರಿ 3.8. ಮೂರು ಸಾಕು, ಸರಾಸರಿ 3.8 ಇದೆ, ಸರಿಹೋಯಿತು ಎಂದು ಕೋಷ್ಟಕ ಓದಿದವರು ತೃಪ್ತರಾಗುತ್ತಾರೆ.

ಆದರೆ ಚರೆಗಳು ಗದ್ದೆಯಲ್ಲಿ ನೆಟ್ಟ ನಾಟಿಯಂತೆ ಸಾಲಾಗಿ ಬೀಳುವುದಿಲ್ಲ, ಎರಚಿದ ಬೀಜದಂತೆ ಬೀಳುತ್ತವೆ. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಖಾಲಿಯಾಗಿ. ಇಂತಹ ಯಾದೃಚ್ಛಿಕ ಹಂಚಿಕೆಗೆ ನೀವು ಪದವಿ ತರಗತಿಯಲ್ಲಿ ಓದಿದ ಪ್ವಾಸಾನ್ ಸೂತ್ರ ಚೆನ್ನಾಗಿ ಹೊಂದುತ್ತದೆ. ಸರಾಸರಿ 3.8 ಇದ್ದಾಗ ಒಂದೂ ಚರೆ ತಗಲದಿರುವ ಸಂಭವ ನೂರಕ್ಕೆ ಸುಮಾರು 2. ಒಂದು ಅಥವಾ ಎರಡೇ ಚರೆ ತಗಲುವ ಸಂಭವ ನೂರಕ್ಕೆ ಸುಮಾರು 25. ಅಂದರೆ ಗುರಿ ಕೂದಲೆಳೆಯಷ್ಟೂ ತಪ್ಪದಿದ್ದರೂ ನಾಲ್ಕರಲ್ಲಿ ಒಂದು ಹಕ್ಕಿ ಸಾಯದೆ ಗಾಯಗೊಂಡು ಹೋಗುತ್ತದೆ. ಸಿಲಿಂಡರ್ ನಳಿಗೆಯಾದರೆ ಇದೇ ದೂರದಲ್ಲಿ ತಪ್ಪಿಸಿಕೊಳ್ಳುವುದು ನೂರಕ್ಕೆ ಸುಮಾರು 8, ಗಾಯಗೊಳ್ಳುವುದು ಸುಮಾರು 46. ಪೂರ್ಣ ಚೋಕ್ ಆದರೆ ಕ್ರಮವಾಗಿ 1 ಮತ್ತು 17.

ಚೋಕ್ ಹೆಚ್ಚಿಸಿದಂತೆ ಗಾಯಗೊಳ್ಳುವ ಹಕ್ಕಿಗಳ ಸಂಖ್ಯೆ ಇಳಿಯುತ್ತದೆ, ಸೊನ್ನೆಗೆ ಬರುವುದಿಲ್ಲ. ಅದೂ ಗುರಿ ಸಂಪೂರ್ಣ ಸರಿಯಿದ್ದಾಗ ಮಾತ್ರ. ನಿಜವಾದ ಹರವಿನಲ್ಲಿ ನಡುವೆ ದಟ್ಟಣೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಹಕ್ಕಿ ಅಂಚಿಗೆ ಬಂದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಜೊತೆಗೆ, ಚರೆಗಳೆಲ್ಲ ಒಂದೇ ಕ್ಷಣಕ್ಕೆ ತಲಪುವುದಿಲ್ಲ. ಆ ದೂರಕ್ಕೆ ಅವು ಮೀಟರುಗಟ್ಟಲೆ ಉದ್ದದ ಮೆರವಣಿಗೆಯಾಗಿರುತ್ತವೆ. ನಿಂತ ಕಾಗದ ಮೊದಲು ಬಂದದ್ದನ್ನೂ ಕೊನೆಗೆ ಬಂದದ್ದನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಓಡುವ ಹಕ್ಕಿ ಕಾಗದವಲ್ಲ.

ಕೋಷ್ಟಕದಲ್ಲಿ 'ವೃತ್ತದೊಳಗೆ' ಎಂಬ ಒಂದೇ ಕಲಮು ಇದೆ. 'ಗಾಯಗೊಂಡು ಹೋದವು' ಎಂಬ ಕಲಮು ಇಲ್ಲ. ಶಿಕಾರಿ ಕಥೆಗಳಲ್ಲೂ ಬಿದ್ದ ಹಕ್ಕಿಯ ಲೆಕ್ಕ ಸಿಗುತ್ತದೆ, ಪೊದೆಯೊಳಗೆ ನುಸುಳಿ ಮೂರು ದಿನ ಬಿಟ್ಟು ಸತ್ತದ್ದರ ಲೆಕ್ಕ ಸಿಗುವುದಿಲ್ಲ. ಈ ಕೋಷ್ಟಕದ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದು. ಅದರಲ್ಲಿರುವ ಅಂಕಿಗಳು ತಪ್ಪಲ್ಲ. ಮುಖ್ಯವಾದ ಅಂಕಿಯೇ ಅದರಲ್ಲಿಲ್ಲ.

ಮೆಚ್ಚಬೇಕಾದ ಮಾತು

ಇಷ್ಟು ಹೇಳಿದ ಮೇಲೆ ಆ ಪರಂಪರೆಯ ಒಳ್ಳೆಯ ಗುಣವನ್ನೂ ಹೇಳಬೇಕು. ಬಾಯಿಮಾತಿನಲ್ಲಿ ಜಗಳವಾಡುವ ಬದಲು ಕಾಗದ ನಿಲ್ಲಿಸಿ, ಹೊಡೆದು, ತೂತುಗಳನ್ನು ಒಂದೊಂದಾಗಿ ಎಣಿಸೋಣ ಎಂದರಲ್ಲ, ಅದು ಅಪ್ಪಟ ವಿಜ್ಞಾನ. ಒಂದು ಕಾಗದ ನೋಡಿ ತೀರ್ಮಾನಿಸಬೇಡಿ, ಹಲವು ಕಾಗದಗಳ ಸರಾಸರಿ ತೆಗೆಯಿರಿ ಎಂದು ಒಳ್ಳೆಯ ಕೈಪಿಡಿಗಳು ಒತ್ತಿ ಹೇಳುತ್ತವೆ. ಕೊರತೆ ಇಷ್ಟೇ: ಸರಾಸರಿಯ ಜೊತೆ ಏರಿಳಿತವನ್ನೂ ಮುದ್ರಿಸಬೇಕಿತ್ತು.

ಆ ಏರಿಳಿತವನ್ನು ನಮ್ಮ ಶಾಲೆಗಳಲ್ಲಿ ಕೋವಿ ಇಲ್ಲದೆ ತೋರಿಸಬಹುದು. 286 ಸಾಸಿವೆ ಕಾಳು ಎಣಿಸಿಕೊಳ್ಳಿ. ನೆಲದ ಮೇಲೆ ದಿನಪತ್ರಿಕೆ ಹಾಸಿ, ಕಾಳು ಪುಟಿಯದಂತೆ ತೆಳುವಾಗಿ ಗಂಜಿ ಬಳಿಯಿರಿ. ಒಬ್ಬರು ದೊಡ್ಡ ಕಣ್ಣಿನ ಜರಡಿಯನ್ನು ಸೊಂಟದ ಎತ್ತರಕ್ಕೆ ಹಿಡಿಯಲಿ. ಇನ್ನೊಬ್ಬರು ಅದರ ಮೇಲೆ ಆಲಿಕೆಯಿಂದ ಕಾಳು ಸುರಿಯಲಿ. ಜರಡಿಯ ತಂತಿಗೆ ಬಡಿದು ಕಾಳುಗಳು ಚದುರಿ ಬೀಳುತ್ತವೆ. ದಟ್ಟವಾದ ಕಡೆ 38 ಸೆಂಮೀ ವ್ಯಾಸದ ವೃತ್ತ ಎಳೆಯಿರಿ. ಇದು ಉದ್ದದಲ್ಲಿ ಅರ್ಧ ಅಳತೆ, ಆದ್ದರಿಂದ ಹಕ್ಕಿಯ ಮರ್ಮಭಾಗ ಕಾಲು ಭಾಗ, ಅಂದರೆ 25 ಚದರ ಸೆಂಮೀ ಆಗಬೇಕು. 5 ಸೆಂಮೀ ಚೌಕದ ರಟ್ಟಿನ ಚೌಕಟ್ಟು ಕತ್ತರಿಸಿ, ವೃತ್ತದೊಳಗೆ ಕಣ್ಣು ಮುಚ್ಚಿ ಇಪ್ಪತ್ತು ಕಡೆ ಇಟ್ಟು, ಪ್ರತಿ ಸಲ ಒಳಗಿರುವ ಕಾಳು ಎಣಿಸಿ ಬರೆಯಿರಿ. ಸರಾಸರಿ ತೆಗೆಯಿರಿ. ಆಮೇಲೆ ಮೂರಕ್ಕಿಂತ ಕಡಿಮೆ ಬಂದದ್ದು ಎಷ್ಟು ಸಲ ಎಂದು ನೋಡಿ. ಜರಡಿಯನ್ನು ಎತ್ತರಕ್ಕೆ ಒಯ್ದು ಮತ್ತೆ ಮಾಡಿ.

ಸಾಸಿವೆ ಕೋವಿಯ ಚರೆಯಲ್ಲ, ಜರಡಿ ಚೋಕ್ ಅಲ್ಲ. ಇದು ಹಂಚಿಕೆಯ ಮಾದರಿ ಮಾತ್ರ, ವೇಗ ಮತ್ತು ಗಾಳಿಯ ಎಳೆತಕ್ಕೆ ಇದರಲ್ಲಿ ಉತ್ತರವಿಲ್ಲ. ಪೈಪಿನ ಹೋಲಿಕೆಯನ್ನು ಟೀಕಿಸಿದ ನಾವು ನಮ್ಮ ಹೋಲಿಕೆಯ ಮಿತಿಯನ್ನೂ ಹೇಳಿಕೊಳ್ಳಬೇಕು.

ಯಾವ ಹಕ್ಕಿಗೆ ಯಾವ ಚೋಕ್?

ಕೈಪಿಡಿಯ ಈ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಕೇಳಿದರೆ ಏನಾಗುತ್ತದೆ? ಇಂಗ್ಲೆಂಡಿನ ಫೆಸೆಂಟ್ ನಮ್ಮ ಕಾಡಿನಲ್ಲಿಲ್ಲ. ಅದರ ಕುಟುಂಬದವರು ಇದ್ದಾರೆ: ನವಿಲು, ಬೂದು ಕಾಡುಕೋಳಿ, ಚಿಟ್ಟುಕೋಳಿ, ಗೌಜಲಹಕ್ಕಿ. ಇವರಲ್ಲಿ ಬೂದು ಕಾಡುಕೋಳಿ ಭಾರತದ ಪರ್ಯಾಯ ದ್ವೀಪ ಬಿಟ್ಟರೆ ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲ. ಬೆಳಗಿನ ಜಾವ ಕಾಡಂಚಿನ ಊರಿನಲ್ಲಿ ಎದ್ದವರಿಗೆ ಅದರ ಕೂಗು ಚಿರಪರಿಚಿತ.

ಮೈಸೂರು ಸಂಸ್ಥಾನ ಬೇಟೆಗೆ ಕಟ್ಟುಪಾಡು ಹಾಕುವ ಕಾನೂನನ್ನು 1901ರಷ್ಟು ಹಿಂದೆಯೇ ತಂದಿತ್ತು. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲಿಗೆ ಪರವಾನಗಿ ಪಡೆದ ಶಿಕಾರಿಗೆ ಒಂದು ಕಿಂಡಿ ಬಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಶೆಟ್ಟಿಹಳ್ಳಿ 1974ರಲ್ಲಿ ಅಭಯಾರಣ್ಯವಾಯಿತು, ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹಾಗಾಗಿ ಕಾಡುಕೋಳಿಗೆ ಯಾವ ಚೋಕ್ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಒಂದೇ: ಯಾವುದೂ ಅಲ್ಲ. ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಹಕ್ಕಿ ಹೊಡೆಯಲು ಕೊಟ್ಟದ್ದಲ್ಲ.

ಕೋವಿಗಳು ಮಾತ್ರ ಮನೆಗಳಲ್ಲಿವೆ. ಚುನಾವಣೆ ಬಂದಾಗಲೆಲ್ಲ ಅವನ್ನು ಠಾಣೆಗೆ ಒಪ್ಪಿಸುವ ರೈತರ ಗೊಣಗಾಟವನ್ನು ಮಲೆನಾಡಿನಲ್ಲಿ ಕೇಳದವರಿಲ್ಲ. ಕಾಡುಹಂದಿ, ಮಂಗ, ನವಿಲುಗಳಿಂದ ಬೆಳೆ ಕಳೆದುಕೊಳ್ಳುವವರ ಸಂಕಟ ನಿಜವಾದದ್ದು. ಅದನ್ನು ಹಗುರವಾಗಿ ಕಾಣಬಾರದು. ಆದರೆ 'ಒಳ್ಳೆ ಚೋಕ್ ಇದ್ದರೆ ನೋವಿಲ್ಲದೆ ಒಂದೇ ಈಡಿಗೆ ಮುಗಿಯುತ್ತದೆ' ಎಂಬ ಸಮಾಧಾನ ಲೆಕ್ಕದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಈಗಾಗಲೇ ನೋಡಿದೆವು.

ಇನ್ನೊಂದು ಲೆಕ್ಕ ಉಳಿದಿದೆ. 286 ಚರೆಗಳಲ್ಲಿ ಹಕ್ಕಿಗೆ ತಗಲಿದ್ದು ಬೆರಳೆಣಿಕೆಯಷ್ಟು. ಉಳಿದವು ಎಲ್ಲಿ? ಮಣ್ಣಿನಲ್ಲಿ, ಗದ್ದೆಯಲ್ಲಿ, ಕೆರೆಯಂಗಳದಲ್ಲಿ. ಒಂದು ಈಡಿಗೆ ಹತ್ತಿರ ಹತ್ತಿರ 30 ಗ್ರಾಂ ಸೀಸ. ಕಾಳು ತಿನ್ನುವ ಹಕ್ಕಿಗಳು ಅರೆಯಲೆಂದು ಸಣ್ಣ ಕಲ್ಲು ನುಂಗುವುದು ನಿಮಗೆ ಗೊತ್ತು. ಕಲ್ಲೆಂದು ಚರೆ ನುಂಗಿದರೆ ಅದು ಹೊಟ್ಟೆಯ ಗಟ್ಟಿ ಸ್ನಾಯುಚೀಲದಲ್ಲಿ ಅರೆದು, ಆಮ್ಲದಲ್ಲಿ ಕರಗಿ, ರಕ್ತ ಸೇರುತ್ತದೆ. ಹೀಗೆ ನೀರುಹಕ್ಕಿಗಳು ಅಪಾರವಾಗಿ ಸತ್ತದ್ದರಿಂದಲೇ ಅಮೆರಿಕ 1991ರಿಂದ ದೇಶದಾದ್ಯಂತ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜೌಗು ಪ್ರದೇಶಗಳಲ್ಲಿ ಅದನ್ನು ಬಳಸುವಂತಿಲ್ಲ. ಬದಲಿಗೆ ಬಂದ ಉಕ್ಕಿನ ಚರೆ ಹಗುರ ಮತ್ತು ಗಡಸು. ಅದು ಚೋಕ್‌ನಲ್ಲಿ ಬೇರೆ ರೀತಿ ವರ್ತಿಸುತ್ತದೆ. ಹಳೆಯ ಕೋಷ್ಟಕ ಅದಕ್ಕೆ ಹೊಂದುವುದೇ ಇಲ್ಲ.

ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರ ಇಷ್ಟು: ಎಡಗಡೆ ನಳಿಗೆ ದೂರ ಹೋಗುವುದಿಲ್ಲ. ಅದರ ಚರೆಗಳು ಸ್ವಲ್ಪ ಹೆಚ್ಚು ದೂರದವರೆಗೆ ಒಟ್ಟಿಗಿರುತ್ತವೆ. ಅಜ್ಜ ಕಂಡದ್ದು ನಿಜ, ಕಾರಣ ಬೇರೆ. ಸಾಸಿವೆ ಪ್ರಯೋಗವನ್ನು ಅವನೇ ಮುಂದೆ ನಿಂತು ಮಾಡಿದ. ಇಪ್ಪತ್ತು ಚೌಕಗಳ ಲೆಕ್ಕ ಬರೆದು ಮುಗಿಸಿ, ಒಂದು, ಎರಡು ಎಂದು ಬಂದ ಚೌಕಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, 'ಇವೆಲ್ಲ ಓಡಿಹೋದವಾ ಸಾರ್?' ಎಂದ. ಹೌದು ಎಂದೆ.

ಮುಂದೆ ನಿಮ್ಮ ತರಗತಿಯಲ್ಲಿ ಶೇಕಡಾವಾರು ಅಂಕಿಯೊಂದು ಎದುರಾದರೆ, ಅದು ಔಷಧದ್ದಾಗಲಿ ಬಿತ್ತನೆ ಬೀಜದ್ದಾಗಲಿ ಪರೀಕ್ಷಾ ಫಲಿತಾಂಶದ್ದಾಗಲಿ, ಮೂರು ಪ್ರಶ್ನೆ ಕೇಳಲು ಮಕ್ಕಳಿಗೆ ಕಲಿಸಿ. ಯಾವ ಸ್ಥಿತಿಯಲ್ಲಿ ಅಳೆದದ್ದು? ಎಷ್ಟು ಸಲ ಅಳೆದದ್ದು? ಉಳಿದ ಭಾಗಕ್ಕೆ ಏನಾಯಿತು? ಚೋಕ್ ಕೋಷ್ಟಕ ಮೊದಲ ಪ್ರಶ್ನೆಗೆ ಉತ್ತರಿಸುತ್ತದೆ, ಎರಡನೆಯದಕ್ಕೆ ಅರ್ಧ ಉತ್ತರಿಸುತ್ತದೆ, ಮೂರನೆಯದಕ್ಕೆ ಸುಮ್ಮನಿರುತ್ತದೆ.